ನೋಡಿಕೊಂಡ ತೂತುಗಳು

ಗೇಟಿನ ಬಾಯಿಗೆ ಒಂದು ಸಿಮೆಂಟಿನ ದಿಣ್ಣೆ. ಬೀದಿಯ ನೀರು ಅಂಗಳಕ್ಕೆ ನುಗ್ಗಬಾರದೆಂದು ಹಾಕಿಸಿದ್ದು, ನಾಲ್ಕು ಬೆರಳು ಎತ್ತರ. ಎಮ್ಮೆ ಅದನ್ನು ದಿನಕ್ಕೆರಡು ಸಲ ಹತ್ತಿ ಇಳಿಯುತ್ತಿತ್ತು. ಎಮ್ಮೆ ಎಂದರೆ ಹುಲ್ಲು ತಿನ್ನುವ ಎಮ್ಮೆಯಲ್ಲ. ಹತ್ತೊಂಬತ್ತು ವರ್ಷ ಹಳೆಯ ಕಪ್ಪು ಎಸ್‌ಯುವಿ. ಮೈಗಾತ್ರ, ಬಣ್ಣ, ಏರಿನಲ್ಲಿ ಬಿಡುವ ಉಸಿರು ಎಲ್ಲ ನೋಡಿ ಮನೆಯವರೇ ಇಟ್ಟ ಹೆಸರು.

ಆ ಶನಿವಾರ ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಬಳಿ ತರಕಾರಿ ಹೆಚ್ಚುತ್ತಿದ್ದ ಠಣ್ಣಮ್ಮನಿಗೆ ಎಮ್ಮೆ ಗೇಟು ದಾಟಿದ್ದು ಕೇಳಿಸಿತು. ದಡ್ ಎಂದು ಮುಂದಿನ ಚಕ್ರ. ದಡ್ ಎಂದು ಹಿಂದಿನ ಚಕ್ರ. ಆಮೇಲೆ, ಅರ್ಧ ಉಸಿರಿನಷ್ಟು ತಡವಾಗಿ, ಟೊಕ್.

ಅವಳ ಚಾಕು ನಿಂತಿತು. ಮುಂದೊಂದು ಜೋಡಿ, ಹಿಂದೊಂದು ಜೋಡಿ ಚಕ್ರ ಇರುವ ಗಾಡಿ ದಿಣ್ಣೆ ದಾಟಿದರೆ ಸದ್ದು ಎರಡಿರಬೇಕು. ಈ ಮೂರನೆಯದು ಯಾರದು?

ಠಣ್ಣಮ್ಮ ಎನ್ನುವುದೂ ಇಟ್ಟ ಹೆಸರೇ. ವಾಹನಗಳು ರಸ್ತೆಗೆ ಯೋಗ್ಯವೇ ಎಂದು ಪರೀಕ್ಷಿಸುವ ಕೇಂದ್ರದಲ್ಲಿ ಅವಳು ಹನ್ನೆರಡು ವರ್ಷದಿಂದ ಇನ್‌ಸ್ಪೆಕ್ಟರು. ಗುಂಡಿಯೊಳಗೆ ಇಳಿದು, ತಲೆಯ ಮೇಲೆ ನಿಂತ ಗಾಡಿಯ ಹೊಟ್ಟೆಯನ್ನು ಒಂದು ಪುಟ್ಟ ಸುತ್ತಿಗೆಯಿಂದ ತಟ್ಟುತ್ತ ಹೋಗುವುದು ಅವಳ ಪದ್ಧತಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಕೊಳೆತ ಉಕ್ಕು ಎನ್ನುವುದಿಲ್ಲ. ಇಷ್ಟೇ ವಿದ್ಯೆ. ಉಳಿದವರು ಟಾರ್ಚು ಹಾಯಿಸಿ ಗುರುತು ಹಾಕುತ್ತಿದ್ದ ಕಡೆ ಅವಳು ನಿಂತು ತಟ್ಟುತ್ತಿದ್ದಳು. ಸಹೋದ್ಯೋಗಿಗಳು ಬೆನ್ನ ಹಿಂದೆ ಕರೆದ ಹೆಸರು ಕ್ರಮೇಣ ಮುಖದೆದುರಿಗೂ ಬಂತು, ಕೊನೆಗೆ ಮನೆಗೂ ಬಂತು. ಮನೆಯಲ್ಲಿ ಅವಳು ನೀರಿನ ಟ್ಯಾಂಕಿನ ಕಾಲು ತಟ್ಟುತ್ತಿದ್ದಳು, ಮೆಟ್ಟಿಲಿನ ಕಂಬಿ ತಟ್ಟುತ್ತಿದ್ದಳು, ಫ್ಯಾನಿನ ಕೊಕ್ಕೆ ಅಲುಗಿಸಿ ನೋಡುತ್ತಿದ್ದಳು. “ಸದ್ಯ, ನನ್ನ ತಲೆ ಇನ್ನೂ ತಟ್ಟಿಲ್ಲ” ಎಂದು ಗಂಡ ಹೇಳುತ್ತಿದ್ದ. ಅವನು ಸೇತುವೆ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದು ತಿಂಗಳಿಗೆರಡು ಸಲ ಬರುತ್ತಿದ್ದುದರಿಂದ ಅವನಿಗೆ ಈ ತಮಾಷೆ ಇನ್ನೂ ಹಳಸಿರಲಿಲ್ಲ.

ಅವಳಿಗೆ ಭಯ ಜಾಸ್ತಿ, ನಿಜ. ಆದರೆ ಭಯ ಬೇರೆ, ಕಿವಿ ಬೇರೆ. ಭಯ ದಿನಕ್ಕೆ ಹತ್ತು ಸಲ ಸುಳ್ಳು ಹೇಳುತ್ತಿತ್ತು. ಕಿವಿ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಯಾವಾಗ ಯಾವುದು ಮಾತಾಡುತ್ತಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈ ಒರೆಸಿಕೊಂಡು ಹೊರಗೆ ಬಂದಳು.

ಎಮ್ಮೆಯಿಂದ ಇಳಿಯುತ್ತಿದ್ದವಳು ನಾದಿನಿ. ದನದ ಡಾಕ್ಟರು. ಮೊಣಕಾಲುದ್ದದ ರಬ್ಬರ್ ಬೂಟನ್ನು ಗೇಟಿನಲ್ಲೇ ಕಳಚಿ, ಬರಿಗಾಲಲ್ಲಿ ಕುಪ್ಪಳಿಸುತ್ತ ನೆರಳಿಗೆ ಬಂದಳು.

“ಏನದು ಸದ್ದು?”

“ಯಾವ್ದು? ಓ, ಅದಾ! ಬುಶ್ ಹೋಗಿದೆ ಅತ್ತಿಗೆ. ರಬ್ಬರು ಸವೆದಿದೆ ಅಷ್ಟೆ. ಹೊಸದು ತಂದಾಯ್ತು, ಅಪ್ಪ ಸಂಜೆ ಹಾಕ್ತಾರೆ.”

“ಯಾವಾಗಿಂದ ಇದೆ?”

“ಹದಿನೈದು ದಿನ. ಹೋಗ್ಲಿ, ತಿಂಗಳು ಅಂತಿಟ್ಕೊಳ್ಳಿ.”

“ಬೇರೆ ಏನಾದ್ರೂ?”

“ನೀವು ಕೇಳೋ ರೀತೀಲಿ ಕೇಳಿದ್ರೆ ನನ್ನ ಹಸುಗಳೂ ಇಲ್ದಿರೋ ಕಾಯಿಲೆ ಒಪ್ಕೊಳ್ತವೆ.” ನಾದಿನಿ ನಕ್ಕಳು. ಆಮೇಲೆ ಯೋಚಿಸಿ, “ಆಕ್ಸಲರೇಟರಿಂದ ಕಾಲು ತೆಗೆದ್ರೆ ಸ್ವಲ್ಪ ಬಲಕ್ಕೆ ಎಳೆಯುತ್ತೆ. ಕೈಗೆ ಅಭ್ಯಾಸ ಆಗ್ಬಿಟ್ಟಿದೆ, ಈಗ ಗೊತ್ತೇ ಆಗಲ್ಲ” ಎಂದಳು.

ಠಣ್ಣಮ್ಮ ಎಮ್ಮೆಯ ಹಿಂಬದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು, ಬಲಗಡೆಯ ಟೈರಿಗೂ ಅದರ ಹಿಂದಿನ ಕಮಾನಿಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸಿದಳು. ಐದು ಬೆರಳು ಹಿಡಿಸಿತು. ಎದ್ದು ಎಡಗಡೆಗೆ ಹೋಗಿ ತೂರಿಸಿದಳು. ಮೂರು ಹಿಡಿಸಿತು, ನಾಲ್ಕನೆಯದು ತೊಡರಿತು. ಅಂದರೆ ಎಡಗಡೆಯ ಹಿಂದಿನ ಚಕ್ರ ಇರಬೇಕಾದ ಜಾಗದಲ್ಲಿಲ್ಲ, ಎರಡು ಬೆರಳಿನಷ್ಟು ಹಿಂದೆ ಸರಿದು ಕೂತಿದೆ. ಒಂದು ತುಂಡು ರಬ್ಬರು ಸವೆದರೆ ಚಕ್ರ ಅಷ್ಟು ದೂರ ಹೋಗುವುದಿಲ್ಲ.

ಅವಳ ಎದೆ ಹೊಡೆದುಕೊಂಡದ್ದು ಚಕ್ರಕ್ಕಾಗಿ ಅಲ್ಲ, ನಾಳೆಗಾಗಿ. ನಾಳೆ ಬೆಳಿಗ್ಗೆ ಆರಕ್ಕೆ ನಾದಿನಿ ಬೆಟ್ಟದ ಮೇಲಿನ ಹಳ್ಳಿಗಳಿಗೆ ಹೊರಡುವವಳಿದ್ದಳು. ಐದು ದಿನದ ಲಸಿಕೆ ಶಿಬಿರ. ಹಿಂದಿನ ಸೀಟು ಮಡಿಸಿ ಲಸಿಕೆಯ ಮಂಜುಗಡ್ಡೆ ಪೆಟ್ಟಿಗೆಗಳು, ಮುಂದಿನ ಸೀಟಿನಲ್ಲಿ ದನಗಳ ಕಿವಿಪಟ್ಟಿಯ ಸಂಖ್ಯೆ ಬರೆದುಕೊಳ್ಳಲು ಮಾವ. ಬೆಟ್ಟದ ರಸ್ತೆಗೆ ಹನ್ನೊಂದು ತಿರುವು, ಎಡಗಡೆ ತಡೆಗೋಡೆಯಿಲ್ಲ. ಇಳಿಯುವಾಗ ಇಡೀ ದಾರಿ ಕಾಲು ಆಕ್ಸಲರೇಟರಿನ ಮೇಲಿರುವುದಿಲ್ಲ.

“ಏನಂತೆ ನನ್ನ ಎಮ್ಮೆಗೆ?” ಎನ್ನುತ್ತ ಮಾವ ಹೊರಗೆ ಬಂದರು. ಅಂಗಿಯ ಕೊರಳ ಗುಂಡಿಯವರೆಗೂ ಹಾಕಿಕೊಂಡ, ಕನ್ನಡಕಕ್ಕೆ ದಾರ ಕಟ್ಟಿಕೊಂಡ, ತೆಳ್ಳನೆಯ ಅಚ್ಚುಕಟ್ಟು ಮನುಷ್ಯ. ಐವತ್ತು ವರ್ಷ ರಫೂ ಮಾಡಿದ ಕೈ ಅವರದು. ಇಲಿ ಕಡಿದ ಕೋಟು, ಕಿಡಿ ಬಿದ್ದ ಶಾಲು, ಮೊಳೆಗೆ ಸಿಕ್ಕಿ ಸೀಳಿದ ಪ್ಯಾಂಟು ಯಾವುದೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಚ್ಚಿ, ಅದೇ ನೇಯ್ಗೆಯಲ್ಲಿ ತುಂಬಿ, ಇಸ್ತ್ರಿ ಹಾಕಿ ಕೊಡುತ್ತಿದ್ದರು. ಕೊಡುವಾಗ ಒಂದೇ ಮಾತು: “ಎಲ್ಲಿ ಹರಿದಿತ್ತು, ಕಂಡುಹಿಡಿ ನೋಡೋಣ.” ಯಾರೂ ಕಂಡುಹಿಡಿದದ್ದಿಲ್ಲ. ಕಣ್ಣು ಮಂಜಾಗಿ ಸೂಜಿ ಇಟ್ಟ ಮೇಲೆ ಕೈಗೆ ಕೆಲಸ ಬೇಕಿತ್ತು, ಆಗ ಮನೆಗೆ ಎಮ್ಮೆ ಬಂತು. ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಅವರು ಅದರ ಕೆಳಗಿರುತ್ತಿದ್ದರು. ಬೇರೆ ಯಾರನ್ನೂ ಅಲ್ಲಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ಮಾವ, ಇದರ ಫ್ರೇಮ್ ನೋಡ್ಬೇಕು” ಎಂದಳು ಠಣ್ಣಮ್ಮ.

ಫ್ರೇಮ್ ಎಂದರೆ ಇಂಥ ಗಾಡಿಗೆ ಬೆನ್ನೆಲುಬು. ಮುಂದಿನಿಂದ ಹಿಂದಿನವರೆಗೆ ಎರಡು ಉದ್ದನೆಯ ಉಕ್ಕಿನ ತೊಲೆ, ಒಳಗೆ ಟೊಳ್ಳು. ಸ್ಪ್ರಿಂಗು, ಚಕ್ರದ ಅಚ್ಚನ್ನು ಹಿಡಿದು ನಿಲ್ಲಿಸುವ ತೋಳು ಎಲ್ಲ ಅದಕ್ಕೇ ಬೆಸೆದುಕೊಂಡಿರುತ್ತವೆ.

ಮಾವನ ಹುಬ್ಬು ಮೇಲೆ ಹೋಯಿತು. “ಫ್ರೇಮಾ? ಹೋದ ವರ್ಷ ನಿಮ್ಮ ಕೇಂದ್ರದಲ್ಲೇ ಪಾಸಾಗಿದೆಯಮ್ಮ. ನಿಮ್ಮ ದೊಡ್ಡ ಇನ್‌ಸ್ಪೆಕ್ಟರು ಗುಂಡೀಲಿ ನಿಂತು ಏನಂದ್ರು ಗೊತ್ತಾ? ‘ಯಜಮಾನ್ರೇ, ಇದರ ಕೆಳಗೆ ಹಾಸಿಗೆ ಹಾಕ್ಕೊಂಡು ಮಲಗ್ಬೋದು’ ಅಂದ್ರು.”

ಅದು ಅವಳಿಗೂ ಗೊತ್ತಿತ್ತು. ನೆಂಟರ ಗಾಡಿಯನ್ನು ತಾನೇ ಪರೀಕ್ಷಿಸಬಾರದೆಂಬ ನಿಯಮದಿಂದಾಗಿ ಎಮ್ಮೆ ಕೇಂದ್ರಕ್ಕೆ ಬಂದಾಗೆಲ್ಲ ಅವಳು ಆಚೆಯ ಸಾಲಿಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ಅದು ಮಾವನ ಸಾಮ್ರಾಜ್ಯ. ಹೀಗೆ ಊರಿನ ಗಾಡಿಗಳ ಹೊಟ್ಟೆಯನ್ನೆಲ್ಲ ತಟ್ಟಿದವಳು ತನ್ನ ಅಂಗಳದ ಗಾಡಿಯನ್ನು ಹನ್ನೊಂದು ವರ್ಷ ತಟ್ಟಿರಲೇ ಇಲ್ಲ.

“ಊರ ಎಮ್ಮೆಗೆಲ್ಲ ನಾನು ಡಾಕ್ಟ್ರು, ಮನೆ ಎಮ್ಮೆಗೆ ನೀವು ಡಾಕ್ಟ್ರು” ಎಂದಳು ನಾದಿನಿ. “ಅಪ್ಪಾ, ಒಂದ್ಸಲ ನೋಡ್ಲಿ ಬಿಡಿ. ಇಲ್ದಿದ್ರೆ ರಾತ್ರಿಯೆಲ್ಲ ನಿದ್ದೆ ಮಾಡಲ್ಲ, ನಮಗೂ ಬಿಡಲ್ಲ.”

“ಕಾಯಿಲೆ ಇಲ್ದಿದ್ರೆ?” ಎಂದರು ಮಾವ.

“ಇಲ್ದಿದ್ರೆ ಬುಶ್ ಹಾಕಿ, ನಾಳೆ ಹೋಗಿ ಬನ್ನಿ. ನಾನು ಒಂದು ವರ್ಷ ಏನನ್ನೂ ತಟ್ಟಲ್ಲ.”

“ಒಂದು ವರ್ಷ! ಅಪ್ಪಾ, ತಕ್ಷಣ ಒಪ್ಕೊಳ್ಳಿ. ಇಂಥ ಅವಕಾಶ ಮತ್ತೆ ಬರಲ್ಲ.”

ಜಾಕ್ ಹಾಕಿ ಎತ್ತಿದರು. ಠಣ್ಣಮ್ಮ ಎರಡೂ ಕಡೆ ಕಬ್ಬಿಣದ ಸ್ಟ್ಯಾಂಡು ಕೊಟ್ಟು, ಮೊದಲು ಆ ಸ್ಟ್ಯಾಂಡನ್ನೇ ತಟ್ಟಿ ನೋಡಿ, ಚಕ್ರದ ಹಲಗೆಯ ಮೇಲೆ ಬೆನ್ನು ಹಾಕಿ ಒಳಗೆ ಜಾರಿದಳು.

ಟಾರ್ಚಿನ ಬೆಳಕಿನಲ್ಲಿ ಕಂಡದ್ದನ್ನು ನೋಡಿ ಒಂದು ಕ್ಷಣ ತನ್ನ ಕಿವಿಯ ಮೇಲೇ ಅವಳಿಗೆ ಅನುಮಾನ ಬಂತು. ಇಂಥ ಹೊಟ್ಟೆಯನ್ನು ಅವಳು ಹೊಸ ಗಾಡಿಗಳಲ್ಲೂ ನೋಡಿರಲಿಲ್ಲ. ಒಂದು ಚುಕ್ಕೆ ಕೆಸರಿಲ್ಲ, ಒಂದು ಹನಿ ಎಣ್ಣೆಯಿಲ್ಲ. ತೊಲೆಯ ಉದ್ದಕ್ಕೂ ಕುಂಚದ ಗೆರೆ ಕಾಣದಷ್ಟು ನಯವಾದ ಕಪ್ಪು ಬಣ್ಣ. ದೊಡ್ಡ ಇನ್‌ಸ್ಪೆಕ್ಟರು ಬೆರಗಾದದ್ದರಲ್ಲಿ ತಪ್ಪೇನಿರಲಿಲ್ಲ. ಬೆರಗಾಗಿ ನಿಂತದ್ದು ತಪ್ಪು.

ಮುಂದಿನಿಂದ ಶುರು ಮಾಡಿದಳು. ಠಣ್.

“ಅಪ್ಪನಿಗೆ ಒಂದು!” ಎಂದು ನಾದಿನಿ ಮೇಲಿನಿಂದ ಕೂಗಿದಳು.

ಠಣ್.

“ಅಪ್ಪನಿಗೆ ಎರಡು!”

ಠಣ್. ಠಣ್. ಮಾವನ ಚಪ್ಪಲಿಗಳು ಗಾಡಿಯ ಪಕ್ಕದಲ್ಲಿ ಸುತ್ತಿಗೆಯೇಟಿಗೊಂದು ಹೆಜ್ಜೆಯಂತೆ ಗರ್ವದಿಂದ ಹಿಂದಕ್ಕೆ ಸರಿಯುತ್ತಿದ್ದವು. ಬಲಗಡೆಯ ತೊಲೆ ಪೂರ್ತಿ ಆಯಿತು. ಹಿಂದಿನ ತುದಿಯಲ್ಲಿ ಸದ್ದು ಕೊಂಚ ಮಂದವಾಗಿತ್ತು, ಮಾವನಿಗೆ ಆರು ಸಿಕ್ಕಿತು. ಎಡಗಡೆಯ ತೊಲೆಯ ಮಧ್ಯದವರೆಗೂ ಬಂದಳು. ಒಂಬತ್ತು. ಹಿಂದಿನ ಚಕ್ರದ ತೋಳು ತೊಲೆಗೆ ಬೆಸೆದುಕೊಂಡಿದ್ದ ಜಾಗಕ್ಕೆ ಬಂದು ಅದೇ ಕೈ, ಅದೇ ಏಟು ಕೊಟ್ಟಳು.

ದಬ್.

ಒದ್ದೆ ಹಾಸಿಗೆಗೆ ಹೊಡೆದ ಹಾಗೆ. ನಾದಿನಿ ಎಣಿಸಲಿಲ್ಲ. ಚಪ್ಪಲಿಗಳು ನಿಂತವು.

“ಬಣ್ಣ ದಪ್ಪ ಇದೆ ಅಲ್ಲಿ” ಎಂದರು ಮಾವ. “ಮೂರು ಕೈ ಹೊಡೆದಿದೀನಿ.”

ಅವಳು ತೊಲೆಯ ತಳಕ್ಕೆ ಬೆರಳಿಟ್ಟಳು. ಇಂಥ ತೊಲೆಯ ತಳದಲ್ಲಿ ಎರಡು ಗೇಣಿಗೊಂದರಂತೆ ತೂತುಗಳಿರುತ್ತವೆ. ಒಳಗೆ ಸೇರಿದ ನೀರು, ಕೆಸರು ಅಲ್ಲಿಂದ ಇಳಿದುಹೋಗಬೇಕು. ಬೆರಳು ಹಾಯಿಸುತ್ತ ಹೋದಳು. ನಯ. ಇನ್ನೂ ಮುಂದೆ ಹೋದಳು. ನಯ. ಬಲಗಡೆಗೆ ಹೊರಳಿ ಅಲ್ಲೂ ನೋಡಿದಳು. ತೊಲೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಒಂದು ತೂತಿರಲಿಲ್ಲ.

“ಮಾವ, ತೂತುಗಳೆಲ್ಲಿ?”

ಮೊಣಕಾಲು ಲಟಕ್ಕೆಂದವು. ಮಾವನ ಮುಖ ತಲೆಕೆಳಗಾಗಿ ಗಾಡಿಯ ಅಂಚಿನಲ್ಲಿ ಕಾಣಿಸಿಕೊಂಡಿತು. ಕನ್ನಡಕ ದಾರದಲ್ಲಿ ಜೋತಾಡುತ್ತಿತ್ತು. ಆ ಮುಖದಲ್ಲಿ ಇಷ್ಟು ವರ್ಷ ಯಾರೋ ಕೇಳಲಿ ಎಂದು ಕಾದಿದ್ದ ಸಂತೋಷವಿತ್ತು.

“ಕಂಡುಹಿಡಿ ನೋಡೋಣ!”

“ಮಾವ...”

“ಹದಿನಾರು ಇದ್ವು. ಹಳೇ ಟ್ಯೂಬಿಂದ ಬಿಲ್ಲೆ ಕತ್ತರಿಸಿ ಕೂರಿಸ್ದೆ. ಮೇಲೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡ್ದೆ. ನಿಮ್ಮ ದೊಡ್ಡ ಇನ್‌ಸ್ಪೆಕ್ಟರ ಕಣ್ಣಿಗೂ ಬೀಳ್ಲಿಲ್ಲ ಅಂದ್ರೆ ನೋಡು. ನೀನೇ ಅಲ್ವಾ ಹೇಳಿದ್ದು, ತೂತು ನೋಡ್ಕೊಳ್ಳಿ ಅಂತ? ನೋಡ್ಕೊಂಡೆ.”



ಠಣ್ಣಮ್ಮ ಹೇಳಿದ್ದು ನಿಜ. ಎಮ್ಮೆ ಮನೆಗೆ ಬಂದ ದಿನ. ಅವಳು ಮನೆಗೆ ಬಂದು ಆಗ ಎರಡು ತಿಂಗಳು, ಕೆಲಸಕ್ಕೆ ಸೇರಿ ಒಂದು ವರ್ಷ. ಗಾಡಿಯನ್ನು ಸುತ್ತು ಹಾಕಿ ನೋಡಿದ್ದಳು. ಆ ತೂತುಗಳಿಗೆ ಕಡ್ಡಿ ಹಾಕಿ ಕೆಸರು ತೆಗೆಯುತ್ತಿರಿ, ಕಟ್ಟಿಕೊಳ್ಳಲು ಬಿಡಬೇಡಿ ಎಂದು ಹೇಳಬೇಕಿತ್ತು. ಹೊಸ ಸೊಸೆ ಮಾವನಿಗೆ ಹಾಗೆ ಮಾಡಿ, ಹೀಗೆ ಮಾಡಬೇಡಿ ಎಂದು ಅಪ್ಪಣೆ ಕೊಡುವುದು ಹೇಗೆ? ಮಾತಿನ ಮೊನೆ ಮುರಿದು ಮೆತ್ತಗೆ ಹೇಳಿದ್ದಳು: “ಮಾವ, ಕೆಳಗಡೆ ತೂತುಗಳಿದಾವೆ, ಸ್ವಲ್ಪ ನೋಡ್ಕೊಳ್ಳಿ.” ಅವರು ತಲೆಯಾಡಿಸಿ “ನೋಡ್ಕೋತೀನಿ ಬಿಡು” ಅಂದಿದ್ದರು. ಐವತ್ತು ವರ್ಷ ಜನ ತೂತು ಬಿದ್ದ ಬಟ್ಟೆ ತಂದು ಇದೇ ಮಾತು ಹೇಳಿ ಹೋಗಿದ್ದ ಮನುಷ್ಯ ಇನ್ನು ಹೇಗೆ ನೋಡಿಕೊಂಡಾರು?

ಅವಳು ಹೊರಗೆ ಜಾರಿ ಬಂದು ಹಲಗೆಯ ಮೇಲೇ ಎದ್ದು ಕೂತಳು. ಈ ಸಲ ಮಾತನ್ನು ಅರ್ಧಕ್ಕೆ ಬಿಡಬಾರದು ಎಂದುಕೊಂಡಳು.

“ಮಾವ, ಅವು ಹರಿದು ಆದ ತೂತಲ್ಲ. ಗಾಡಿ ಮಾಡಿದವರೇ ಬೇಕಂತ ಇಟ್ಟಿದ್ದು. ನೀರು ಹೋಗೋಕೆ.”

“ಬರೋಕಲ್ವಾ? ಹೊಳೆ ದಾಟೋವಾಗ ಅಲ್ಲಿಂದ ತಾನೇ ನುಗ್ಗೋದು?”

“ಬರೋಕೆ ನೂರು ದಾರಿ. ವೈರು ಹೋಗೋ ಕಿಂಡಿ, ಬೆಸುಗೆ ಸಂದಿ, ಮೇಲಿನ ಸೀಳು. ನೀವು ಪೈಪು ಹಿಡಿದು ತೊಳೀತೀರಲ್ಲ, ಆಗ್ಲೂ ಬರುತ್ತೆ. ಹೋಗೋಕೆ ಮಾತ್ರ ಆ ಹದಿನಾರೇ. ನಾನು ನೋಡ್ಕೊಳ್ಳಿ ಅಂದಿದ್ದು ಮುಚ್ಕೊಳ್ದೇ ಇರೋ ಹಾಗೆ ನೋಡ್ಕೊಳ್ಳಿ ಅಂತ. ಪೂರ್ತಿ ಹೇಳ್ಲಿಲ್ಲ. ತಪ್ಪು ನಂದೇ. ಆದ್ರೆ ಈಗ ಎಡಗಡೆ ತೊಲೆ ಒಳಗಿಂದ ಕೊಳೆತಿದೆ, ತೋಳು ಕಿತ್ತು ಬರ್ತಿದೆ. ಇದು ನಾಳೆ ಬೆಟ್ಟ ಹತ್ತಬಾರದು.”

ಮೊದಲು ಮಾತಾಡಿದ್ದು ನಾದಿನಿ, ತಮಾಷೆ ಬಿಟ್ಟ ದನಿಯಲ್ಲಿ.

“ಅತ್ತಿಗೆ, ಮೇಲೆ ನಾನೂರು ದನ ಕಾಯ್ತಿದಾವೆ. ಗಂಟಲು ಬೇನೆ ಪಕ್ಕದ ಕಣಿವೆಗೆ ಬಂದಾಗಿದೆ. ಒಂದು ದಿನ ತಡ ಆದ್ರೆ ಎಷ್ಟು ಸಾಯ್ತವೆ ಅಂತ ನಾನು ಹೇಳ್ಬಲ್ಲೆ. ಬುಶ್ ಹಾಕಿ ನಿಧಾನಕ್ಕೆ ಹೋಗಿ ಬರ್ತೀನಿ. ಬಂದ್ಮೇಲೆ ನೀವು ಹೇಳಿದ ಹಾಗೆ.”

“ನಿಧಾನ ಅಂದ್ರೂ ಇಳಿಯೋವಾಗ ಕಾಲು ತೆಗೀಲೇಬೇಕು.”

ಮಾವನ ಮುಖ ಬಿಗಿದಿತ್ತು. “ಹನ್ನೊಂದು ವರ್ಷ ಕೈಯಾರೆ ತಿಕ್ಕಿದೀನಿ. ಒಂದು ಗೀರು ಬೀಳದ ಹಾಗೆ ಸಾಕಿದೀನಿ. ಒಂದೇ ಒಂದು ದಬ್ ಕೇಳಿ ಕೊಳೆತಿದೆ ಅಂದ್ಬಿಡ್ತೀಯಲ್ಲಮ್ಮ. ಕೊಳೆತಿದ್ರೆ ನನ್ನ ಕೈಗೆ ಗೊತ್ತಾಗ್ತಿರ್ಲಿಲ್ವಾ?”

ಬೇರೆ ಯಾರಾದರೂ ಆಗಿದ್ದರೆ ಅವಳು ಸುತ್ತಿಗೆಯ ಚೂಪು ತುದಿ ತಿರುಗಿಸಿ ಒಂದೇ ತಿವಿತದಲ್ಲಿ ಮಾತು ಮುಗಿಸುತ್ತಿದ್ದಳು. ಕೇಂದ್ರದಲ್ಲಿ ದಿನವೂ ಮಾಡುವುದೇ. ಆದರೆ ಈ ಬಣ್ಣವನ್ನು ಅವಳು ತಿವಿದರೆ ಗಾಡಿ ನಿಲ್ಲುತ್ತದೆ, ಮಾವ ನಂಬುವುದಿಲ್ಲ. ಬಣ್ಣ ತಿವಿದವಳನ್ನು ನೋಡುತ್ತಾರೆಯೇ ಹೊರತು ತೂತನ್ನು ನೋಡುವುದಿಲ್ಲ. ಮತ್ತೆ, ಸತ್ಯ ತನ್ನ ಕಡೆಗಿದೆ ಎಂದು ಗೊತ್ತಿರುವವಳಿಗೆ ಅವಸರವೇಕೆ?

“ಸದ್ದು ಬಿಡಿ ಮಾವ. ನಿಮ್ಮ ಕಸುಬಿನಲ್ಲೇ ಕೇಳ್ತೀನಿ. ಹಳೇ ಕೋಟು ರಫೂಗೆ ಬಂತು. ಸೂಜಿ ಚುಚ್ಚೋಕೆ ಮುಂಚೆ ಏನ್ ಮಾಡ್ತಿದ್ರಿ?”

“ದೀಪಕ್ಕೆ ಹಿಡೀತಿದ್ದೆ.”

“ಯಾಕೆ?”

“ಹರಿದಿದ್ದು ಎಲ್ರಿಗೂ ಕಾಣುತ್ತೆ. ಸುತ್ತ ಎಷ್ಟು ದೂರ ಜೀರ್ಣ ಆಗಿದೆ ಅನ್ನೋದು ದೀಪಕ್ಕೆ ಮಾತ್ರ...” ಮಾವ ಅಲ್ಲಿಗೇ ನಿಲ್ಲಿಸಿದರು. ಸೊಸೆಯ ಮುಖ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, “ನೀನು ಹಸುವಿನ ಗಂಟಲಿಗೆ ಇಳಿಬಿಡ್ತೀಯಲ್ಲ, ಬಳುಕೋ ದೀಪ, ಅದನ್ನ ತಾ” ಎಂದರು.

ಈಗ ಹಲಗೆಯ ಮೇಲೆ ಮಲಗಿದವರು ಮಾವ. ಠಣ್ಣಮ್ಮ ಪಕ್ಕದಲ್ಲಿ ಬೋರಲು ಮಲಗಿ ಟಾರ್ಚು ಹಿಡಿದಳು. ಹದಿನಾರರಲ್ಲಿ ಒಂದನ್ನೂ ಅವಳು ಹುಡುಕಲಾರದೆ ಹೋಗಿದ್ದಳು. ಅವರು ಕಣ್ಣೆತ್ತಿಯೂ ನೋಡದೆ ಹೆಬ್ಬೆರಳು ಹಾಯಿಸಿ, “ಇಲ್ಲೊಂದು” ಎಂದು ದಬ್ಬಳದ ಮೊನೆಯಿಂದ ಸುತ್ತ ಗೀರಿ ಬಿಲ್ಲೆಯನ್ನು ಎಬ್ಬಿಸಿದರು.

ಮೊದಲು ಏನೂ ಬರಲಿಲ್ಲ. ಆಮೇಲೆ ನೀರು ಬಂತು. ಇಟ್ಟಿಗೆ ಬಣ್ಣದ, ಬೆಚ್ಚಗಿನ, ಕೊಳೆತ ವಾಸನೆಯ ನೀರು ಒಂದು ಚೊಂಬಿನಷ್ಟು ಸುರಿದು ಮಾವನ ಅಂಗಿಯ ತೋಳು ತೊಯ್ದಿತು. ನೀರಿನ ಹಿಂದೆ ಕೆಸರು ಬಂತು. ಕೆಸರಿನ ಹಿಂದೆ ಒಣ ಎಲೆಯಂತೆ ಪದರ ಪದರವಾಗಿ ತುಕ್ಕು. ಮಾವ ಒಂದು ಪದರವನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿದರು. ಪುಡಿಯಾಯಿತು.

ದೀಪವನ್ನು ತೂತಿನೊಳಗೆ ತೂರಿಸಿ ತೋಳಿನ ಕಡೆಗೆ ಸರಿಸಿದರು. “ಟಾರ್ಚು ಆರಿಸು” ಎಂದರು. ಅವಳು ಆರಿಸಿದಳು.

ಗಾಡಿಯ ಕೆಳಗಿನ ಮಬ್ಬಿನಲ್ಲಿ, ಆ ನಯವಾದ ಕಪ್ಪಿನ ಮೇಲೆ, ತೋಳು ಬೆಸೆದ ಜಾಗದ ಸುತ್ತ ಬೆಳಕಿನ ಒಂದು ಚುಕ್ಕೆ ಮೂಡಿತು. ಸೂಜಿಮೊನೆಯಷ್ಟು. ದೀಪ ಇನ್ನೊಂದು ಅಂಗುಲ ಸರಿಯಿತು. ಮೂರು ಚುಕ್ಕೆ, ಏಳು, ಆಮೇಲೆ ಎಣಿಸಲಾಗದಷ್ಟು. ಬಣ್ಣ ಬಿರಿದಲ್ಲೆಲ್ಲ ಬೆಳಕು ಸೋರುತ್ತಿತ್ತು. ಅಲ್ಲಿ ಉಕ್ಕು ಇರಲೇ ಇಲ್ಲ. ಚಕ್ರವನ್ನು ಹಿಡಿದಿದ್ದದ್ದು ಅಂಚಿನ ಒಂದಿಷ್ಟು ಲೋಹ, ಉಳಿದದ್ದು ಮೂರು ಕೈ ಬಣ್ಣ.

ಮಾವ ಬಹಳ ಹೊತ್ತು ನೋಡಿದರು. ಹೇಳಬೇಕಾದ್ದನ್ನು ದೀಪ ಹೇಳುತ್ತಿತ್ತು, ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲ. ಅವರು ಬಲಗೈ ಎತ್ತಿ, ಚುಕ್ಕೆಗಳು ದಟ್ಟವಾಗಿದ್ದ ಕಡೆ ಹೆಬ್ಬೆರಳನ್ನು ಮೆಲ್ಲಗೆ ಇಟ್ಟು, ಬಟ್ಟೆಯ ಹದ ನೋಡುವವರಂತೆ ಒತ್ತಿದರು. ಪರ್ರ್ ಎಂದು ಸಣ್ಣ ಸದ್ದಾಯಿತು. ಹೆಬ್ಬೆರಳು ಬುಡದವರೆಗೂ ಒಳಗೆ ಹೋಯಿತು.

“ಏನಾಯ್ತು? ಯಾಕೆ ಇಬ್ರೂ ಸುಮ್ಮನಾದ್ರಿ?” ನಾದಿನಿ ಬಗ್ಗಿದಳು. ಅಪ್ಪನ ಹೆಬ್ಬೆರಳು ಎಲ್ಲಿದೆ ಎಂದು ನೋಡಿ ನೆಲಕ್ಕೆ ಕೂತಳು.

“ಒಂದು ತಗಡು ಇಟ್ಟು ಬೆಸೆದ್ರೆ?” ಎಂದು ಕೇಳಿದಳು. ಕೇಳಿದ್ದು ಅತ್ತಿಗೆಯನ್ನು. ಉತ್ತರ ಕೊಟ್ಟದ್ದು ಅಪ್ಪ.

“ತೇಪೆ ನಿಲ್ಲೋದು ತೇಪೆ ಬಲದ ಮೇಲಲ್ಲ, ಸುತ್ತಲಿನ ಬಟ್ಟೆ ಬಲದ ಮೇಲೆ. ಇಲ್ಲಿ ಒಳ್ಳೇ ಬಟ್ಟೆ ಎಲ್ಲಿ ಶುರುವಾಗುತ್ತೆ ತೋರ್ಸು. ಇದಕ್ಕೆ ರಫೂ ಇಲ್ಲ ಮಗಳೇ.” ಹೊರಗೆ ಜಾರಿ ಬಂದು, ಕೆಂಪಾದ ತೋಳನ್ನು ಮೈಯಿಂದ ದೂರ ಹಿಡಿದು ನಿಂತರು. “ಹಾಲಿನ ಲಾರಿ ಖಾಲಿ ಕ್ಯಾನು ಹೊತ್ಕೊಂಡು ದಿನಾ ಬೆಳಿಗ್ಗೆ ಬೆಟ್ಟಕ್ಕೆ ಹೋಗುತ್ತಲ್ಲ. ಅವನಿಗೆ ಫೋನ್ ಮಾಡು.”

ನಾದಿನಿ ಅಲ್ಲೇ ನಿಂತು ಫೋನ್ ಮಾಡಿದಳು. “ಅಣ್ಣಾ, ನಾನು ದನದ ಡಾಕ್ಟ್ರು... ಇಲ್ಲ ಇಲ್ಲ, ನಿಮ್ಮನೆ ಹಸು ಚೆನ್ನಾಗಿದೆ, ಅದಕ್ಕಲ್ಲ... ನಾಳೆ ನನ್ನನ್ನೂ ಆರು ಪೆಟ್ಟಿಗೆನೂ ಹಾಕ್ಕೊಂಡು ಹೋಗ್ಬೇಕು... ಒಂದೇ ಸೀಟಾ? ಒಬ್ಳೇ ಬರೋದು... ಹಾಡು ಹಾಕ್ತೀರಾ? ಹಾಕಿ. ನೀವೇ ಹಾಡ್ತೀರಾ? ... ಆಯ್ತು, ಅದಕ್ಕೂ ಒಪ್ಪಿದೆ.” ಫೋನಿಟ್ಟು, “ಅಪ್ಪಾ, ನಿಮಗೆ ಜಾಗ ಇಲ್ಲ. ಕಿವಿಪಟ್ಟಿ ನಾನೇ ಬರ್ಕೋತೀನಿ” ಎಂದಳು.

“ನನಗೆ ಇಲ್ಲೇ ಕೆಲಸ ಇದೆ” ಎಂದರು ಮಾವ.

ಅವರು ಒಳಗೆ ಹೋಗಿ ಅಂಗಿ ಬದಲಿಸಿ ಬಂದರು. ಠಣ್ಣಮ್ಮ ಚಹಾ ತಂದುಕೊಟ್ಟು ಮೆಟ್ಟಿಲಿನ ಮೇಲೆ ಅವರ ಪಕ್ಕ ಕೂತಳು. ನಾಳೆ ನಾದಿನಿ ಬೆಟ್ಟ ಹತ್ತುವುದು ಎಮ್ಮೆಯ ಮೇಲಲ್ಲ, ಮಾವ ಮನೆಯಲ್ಲೇ ಇರುತ್ತಾರೆ. ಎದೆಯ ಬಡಿತ ಇಳಿದಿರಬೇಕಿತ್ತು, ಆದರೆ ಪೂರ್ತಿ ಇಳಿದಿರಲಿಲ್ಲ. ಮಾವ ಲೋಟ ತುಟಿಗೆ ತಾಗಿಸದೆ ಹಿಡಿದುಕೊಂಡಿದ್ದ ರೀತಿಯಲ್ಲಿ ಏನೋ ಇತ್ತು.

“ಮಾತು ಅರ್ಧ ಹೇಳಿದ್ದು ನೀನು” ಎಂದರು ಅವರು. “ಪೂರ್ತಿ ಕೇಳ್ದೇ ಇದ್ದದ್ದು ನಾನು. ಯಾವ ತೂತು, ಯಾಕೆ, ಏನ್ ಮಾಡ್ಲಿ ಅಂತ ಒಂದು ಮಾತು ಕೇಳ್ಬೋದಿತ್ತು. ಐವತ್ತು ವರ್ಷ ಯಾರನ್ನೂ ಕೇಳ್ಲಿಲ್ಲ ನೋಡು. ತೂತು ಕಂಡ್ರೆ ಕೈ ತಾನೇ ಹೋಗೋದು.”

ಅವಳಿಗೆ ಆಗ ಹೊಳೆಯಿತು. ಭಯವಲ್ಲ. ಕಿವಿಯೂ ಅಲ್ಲ. ಬರಿ ಲೆಕ್ಕಾಚಾರ. ಇಷ್ಟು ಚೆಂದದ ಕೆಲಸವನ್ನು ಯಾರಿಗೂ ತೋರಿಸದೆ ಇರುವ ಮನುಷ್ಯ ಇವರಲ್ಲ.

“ಮಾವ, ಬೇರೆ ಯಾರ ಗಾಡಿಗಾದ್ರೂ ಮಾಡ್ಕೊಟ್ಟಿದೀರಾ?”

ಲೋಟ ಮೆಟ್ಟಿಲಿಗೆ ಇಳಿಯಿತು.

“ಎರಡು” ಎಂದರು. “ಅವರೇ ಬಂದು ಕೇಳಿದ್ರು. ನಮ್ಮದರ ಹೊಟ್ಟೆ ನೋಡಿ ಆಸೆ ಪಟ್ರು. ಒಂದು ಫೋಟೋ ಸ್ಟುಡಿಯೋದವನದು. ಇನ್ನೊಂದು ಪಕ್ಕದ ಬೀದಿ ಸಂಗೀತದ ಟೀಚರಮ್ಮಂದು. ಆರು ವರ್ಷ ಆಯ್ತು.”

“ಇನ್ನೂ ಓಡಿಸ್ತಿದಾರಾ?”

“ದಿನಾ.”

ನಾಳೆ ಕೇಂದ್ರಕ್ಕೆ ಬರಹೇಳಿ ಗುಂಡಿಯ ಮೇಲೆ ನಿಲ್ಲಿಸಬಹುದು, ಎಂದು ಅವಳು ಯೋಚಿಸಿದಳು. ನಾಳೆ ಭಾನುವಾರ. ಸೋಮವಾರಕ್ಕೆ ಎರಡು ದಿನ. ತಾನೇ ಹೋಗಿ ಹೇಳಬಹುದು. ಸೋರಿಕೆ ಇದೆ, ಒಮ್ಮೆ ನೋಡಿಸಿ ಎಂದು ಮೆತ್ತಗೆ ಹೇಳಬಹುದು, ಮಾವನ ಹೆಸರು ಎತ್ತುವ ಅಗತ್ಯವಿಲ್ಲ. ಹಾಗೆಂದುಕೊಳ್ಳುತ್ತಿದ್ದಂತೆ ಅದು ಇನ್ನೊಂದು ಅರ್ಧ ಮಾತು ಎಂದು ಅವಳಿಗೇ ಗೊತ್ತಾಯಿತು. ಬಾಯಿ ತೆರೆಯುವಷ್ಟರಲ್ಲಿ ಮಾವ ಎದ್ದಿದ್ದರು. ದಬ್ಬಳ, ಮಗಳ ಬಳುಕುವ ದೀಪ ಎರಡನ್ನೂ ಒಂದು ಹಳೆಯ ಬಟ್ಟೆಯಲ್ಲಿ ಸುತ್ತುತ್ತಿದ್ದರು.

“ನೀನೂ ಬಾ. ಬಿಲ್ಲೆ ನಾನು ತೆಗೀತೀನಿ, ನನ್ನ ಬಿಟ್ರೆ ಯಾರಿಗೂ ಸಿಗಲ್ಲ ಅವು. ಉಳಿದಿರೋದು ಗಟ್ಟಿನಾ ಅಂತ ನೀನು ಹೇಳು.”

ಫೋಟೋ ಸ್ಟುಡಿಯೋದವನ ಮನೆ ನಾಲ್ಕು ಬಾಗಿಲು ಆಚೆ. ಬಿಸಿಲು ಇಳಿಯುತ್ತಿತ್ತು. ಮಾವ ಮುಂದೆ, ಸೊಸೆ ಎರಡು ಹೆಜ್ಜೆ ಹಿಂದೆ. ಗೇಟಿನೊಳಗೆ ಬೂದು ಬಣ್ಣದ ಗಾಡಿ ತೊಳೆದು ನಿಲ್ಲಿಸಿತ್ತು, ಕೆಳಗಿನ ನೆಲ ಒದ್ದೆ. ಮನೆಯಾತ ಹೊರಗೆ ಬಂದು, ಕೈಯಲ್ಲಿನ ಸ್ಪಂಜು ಹಿಂಡುತ್ತ, “ಓಹೋ, ರಫೂ ಮೇಷ್ಟ್ರು ಬಂದ್ರು! ಏನು, ಇನ್ನೊಂದು ಕೈ ಬಣ್ಣ ಹೊಡೀತೀರಾ?” ಎಂದ.

ಮಾವ ಕನ್ನಡಕ ಸರಿಮಾಡಿಕೊಂಡರು. ಐವತ್ತು ವರ್ಷದಲ್ಲಿ ತಮ್ಮ ಸೂಜಿ ಎಲ್ಲಿ ಓಡಿದೆ ಎಂದು ಯಾವ ಗಿರಾಕಿಗೂ ಅವರು ತೋರಿಸಿದವರಲ್ಲ. ದನಿ ಮಾತ್ರ ನೆಟ್ಟಗಿತ್ತು.

“ನಿಮ್ಮ ಗಾಡಿ ತಳದಲ್ಲಿ ನಾನು ಹದಿನಾಲ್ಕು ತೂತು ಮುಚ್ಚಿದೀನಿ. ಮುಚ್ಚಬಾರದಿತ್ತು. ಒಳಗೆ ನೀರು ನಿಂತಿರುತ್ತೆ, ಉಕ್ಕು ಕೊಳೀತಿರುತ್ತೆ. ನಮ್ಮದು ಕೊಳೆತು ಹೋಯ್ತು. ಈಗ್ಲೇ ತೆಗೀಬೇಕು. ನೋಡಿ ಮುಗಿಯೋವರೆಗೆ ಗಾಡಿ ಹೊರಗೆ ತೆಗೀಬೇಡಿ.”

ಮನೆಯಾತ ಮಾವನನ್ನು ನೋಡಿದ, ಸೊಸೆಯನ್ನು ನೋಡಿದ, ಸ್ಪಂಜು ಕೆಳಗಿಟ್ಟು ಗಾಡಿಯ ಕೆಳಗೆ ಬಗ್ಗಿ ನೋಡಿದ.

“ಎಲ್ಲಿ ಮೇಷ್ಟ್ರೇ? ಒಂದೂ ಕಾಣಲ್ವಲ್ಲ!”

“ಅದೇ ತೊಂದ್ರೆ” ಎಂದರು ಮಾವ. ಒದ್ದೆ ನೆಲದ ಮೇಲೆ ಆ ಹಳೆಯ ಬಟ್ಟೆ ಹಾಸಿಕೊಂಡು, ಗಾಡಿಯ ಕೆಳಗೆ ಬೆನ್ನು ಚಾಚಿದರು.